ಬಂತೇನ್ರಿ?

ಕೊಟ್ಟೂರಿನಲ್ಲಿ ಹೊಸದಾಗಿ ಟೀವಿ ಕೊಂಡವರೆಲ್ಲ ಮೊದಲು ಹುಡುಕುತ್ತಿದ್ದುದು ರೇಡಿಯೊ ರಿಪೇರಿಯ ಓಬಣ್ಣನನ್ನು. ಆಂಟೆನಾಕ್ಕೆ ಬೇವಿನಮರ ಅಡ್ಡವೆಂದು ಯಾರಾದರೂ ಕೊಡಲಿ ತಂದರೆ ಅವನಿಗೆ ಕೆಂಡದಂಥ ಸಿಟ್ಟು. "ಮರ ಏನ್ ಮಾಡೈತ್ರಿ? ಆಂಟೆನಾದ ಗಳ ಆ ಮೂಲಿಗೆ ಸರಿಸಿ ಎರಡು ಮೊಳ ಏರಿಸಿದ್ರ ಮುಗೀತು" ಎನ್ನುತ್ತ ಮಾಳಿಗೆ ಹತ್ತುವನು. ಕೂಸಿನ ತಲೆ ಹಿಡಿದಂತೆ ಆಂಟೆನಾವನ್ನು ಮೆಲ್ಲಗೆ ತಿರುಗಿಸುತ್ತ "ಬಂತೇನ್ರಿ?" ಎಂದು ಕೂಗಿದರೆ ಮೂರು ಓಣಿಗೆ ಕೇಳಬೇಕು. ಕೆಳಗಿನಿಂದ "ಇಲ್ಲ", "ಬರೇ ಚುಕ್ಕಿ ಅದಾವ", "ಮಾರಿ ಕಾಣಾಕತ್ತೈತಿ", ಕೊನೆಗೆ "ಬಂತು, ಅಲ್ಲೇ ಬಿಡಪ್ಪ". ಅಷ್ಟೇ. ಮೇಲೊಬ್ಬ ನಿಂತಿದ್ದಾನೆಂಬುದನ್ನೇ ಎಲ್ಲರೂ ಮರೆಯುತ್ತಿದ್ದರು. ಟೀವಿಯಲ್ಲಿ ಬಂದ ಅರ್ಧದಷ್ಟು ಸಿನಿಮಾಗಳನ್ನು ಅವನು ಮಾಳಿಗೆಯ ಮೇಲಿನಿಂದ ಕಿವಿಯಲ್ಲೇ ನೋಡಿದ್ದ. ಇಂಥವನ ಸ್ವಂತ ಟೀವಿಯಲ್ಲಿ ಮಾತ್ರ ಸದಾ ಚುಕ್ಕಿ. ಯಾಕೆಂದು ಕೇಳಿದರೆ, "ನಮ್ಮನಿಗೆ ಬೇವಿನಮರ ಅಡ್ಡ ಐತ್ರಿ" ಎನ್ನುತ್ತಿದ್ದ, ಯಾವ ಮರದ ಮೇಲೂ ತಪ್ಪು ಹೊರಿಸದ ಆ ಮನುಷ್ಯ. ತಿರುಗಿಸಲು ಮೇಲೊಬ್ಬರು, ನೋಡಿ ಹೇಳಲು ಕೆಳಗೊಬ್ಬರು ಬೇಕು. ಆ ಮನೆಯಲ್ಲಿ ಇದ್ದವನು ಅವನೊಬ್ಬನೇ. ತಿರುಗಿಸುವುದು, ಇಳಿದು ನೋಡುವುದು, ಮತ್ತೆ ಹತ್ತುವುದು. ಒಮ್ಮೊಮ್ಮೆ ರೂಢಿಬಲದಿಂದ ತನ್ನ ಮಾಳಿಗೆಯ ಮೇಲೂ "ಬಂತೇನ್ರಿ?" ಎಂದು ಕೂಗಿಬಿಡುತ್ತಿದ್ದ; ಕೂಗಿ, ಗಳ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕಾಯುತ್ತಿದ್ದ.