ಫೇಲಾದವರ ಮೇಡಂ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಳಾಲದ ಬೀದಿಯಲ್ಲಿ ಇಬ್ಬರು ಹೆಂಗಸರು ಕಂಡವರ ಮನೆ ಬಾಗಿಲನ್ನೆಲ್ಲ ದಿಟ್ಟಿಸುತ್ತ ನಡೆಯುತ್ತಿದ್ದಾರೆ. ಊರಿಗೆ ಹೊಸಬರು ಯಾರಾದರೂ ಇವರನ್ನು ಕಂಡರೆ ಏನೋ ಸಂಚಿದೆ ಎಂದೇ ತಿಳಿಯಬೇಕು, ಹಾಗಿದೆ ಇವರ ನೋಟ. ಮುಂದಿರುವವರು ಚನ್ನಮಲ್ಲಮ್ಮ. ಅರವತ್ತರ ಆಸುಪಾಸು, ತಲೆಗೆ ಮಫ್ಲರ್, ಕೈಯಲ್ಲಿ ಟಾರ್ಚು. ಹಿಂದಿರುವವಳು ದಾಸಮ್ಮ, ಅವರ ವಿದ್ಯಾರ್ಥಿನಿ. ವಯಸ್ಸು ಮೂವತ್ತು ದಾಟಿದೆ, ಮನೆಯಲ್ಲಿ ಎರಡು ಮಕ್ಕಳು ಮಲಗಿವೆ.

ಟಾರ್ಚಿನ ಬೆಳಕು ಒಂದು ಹೊಸ್ತಿಲ ಮೇಲೆ ನಿಲ್ಲುತ್ತದೆ. "ಯಾರವ್ರೆ ಇಲ್ಲಿ?"

"ಯಾರೂ ಇಲ್ಲ ಕಣಕ್ಕ."

"ಮತ್ತೇನು ಕಾಣ್ತದೆ?"

"ಅಂಗಳ ಒದ್ದೆ ಆಗೈತೆ. ನೀರಾಕವ್ರೆ."

"ಹಾಕಿದ್ದು ನೀನು ಕಂಡ್ಯಾ?"

"ಇಲ್ಲ. ನೆಲವೇ ಹೇಳ್ತೈತಲ್ಲಕ್ಕ!"

"ಹಾಂ. ಈಗ ಇಂಗ್ಲಿಷ್‌ನಾಗೆ ಹೇಳು."

ದಾಸಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದೊಂದೇ ಪದವನ್ನು ಎತ್ತಿಡುತ್ತಾಳೆ: "ಷಿ... ಹ್ಯಾಸ್... ಸ್ಪ್ರಿಂಕಲ್ಡ್... ವಾಟರ್." ಎದುರು ಮನೆಯ ಹಟ್ಟಿಯಿಂದ ಹಾಲಿನ ಕ್ಯಾನು ಹಿಡಿದು ಬಂದ ಚಿಕ್ಕಹನುಮಯ್ಯ, "ಏನ್ ಮೇಡಮ್ಮಾರೇ, ಇವತ್ತು ಯಾರ್ ಮನೆ ಜಪ್ತಿ?" ಎಂದು ನಗುತ್ತಾನೆ. ದಾಸಮ್ಮ ಅವನ ಕ್ಯಾನು ನೋಡಿ, ಕೇಳುವ ಮೊದಲೇ, "ಹಿ ಹ್ಯಾಸ್ ಮಿಲ್ಕ್ಡ್ ದ ಕೌ" ಎನ್ನುತ್ತಾಳೆ. ಅವನಿಗೆ ಅರ್ಥವಾಗುವುದಿಲ್ಲ, ಆದರೂ ತನ್ನನ್ನು ಬೈದಿಲ್ಲ ಎಂದು ತಿಳಿದು ಹೊರಟುಹೋಗುತ್ತಾನೆ.

ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್ ಎಂದು ಹೆಸರು. ಇಂಗ್ಲಿಷ್‌ನಲ್ಲಿ ಫೇಲಾದವರನ್ನು ಕೇಳಿ, ಮುಕ್ಕಾಲು ಜನ ಇಲ್ಲೇ ಮುಗ್ಗರಿಸಿರುತ್ತಾರೆ. ಚನ್ನಮಲ್ಲಮ್ಮ ಅದನ್ನು ಕಲಿಸುವುದು ಬೀದಿಯಲ್ಲಿ, ಅದೂ ಬೆಳಗಿನ ಹೊತ್ತು. "ಕೆಲಸ ಆಗೋಗಿರ್ತದೆ, ಅದರ ಗುರುತು ಇನ್ನೂ ಕಣ್ಮುಂದೆ ಇರ್ತದೆ. ಅಷ್ಟೇ ಕಣಮ್ಮ. ಬಿಸ್ಲು ಏರಿದ್ರೆ ನೀರು ಆರೋಗ್ತದೆ, ರಂಗೋಲಿ ತುಳಿದಾಕ್ತಾರೆ, ಆಮೇಲೆ ತೋರ್ಸೋಕೆ ಏನೂ ಇರಲ್ಲ" ಎಂದು ನನಗೆ ವಿವರಿಸುತ್ತಾರೆ. ಜೊತೆಗೇ ಒಂದು ಏಟು: "ಪೇಪರ್‌ನೋರಿಗೆ ಬೇರೆ ಸುದ್ದಿನೇ ಸಿಗಲಿಲ್ವಾ?"

ಸಿಗಲಿಲ್ಲವೆಂದಲ್ಲ. ಕೊರಟಗೆರೆ ಸೀಮೆಯಲ್ಲಿ ರ‍್ಯಾಂಕು ಬಂದವರ ಮೇಡಂಗಳ ಫೋಟೊ ಬೇಕಾದಷ್ಟು ಫ್ಲೆಕ್ಸಿನಲ್ಲಿದೆ. ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ಒಂದರಲ್ಲೇ ಉಳಿದು, ಮದುವೆಯಾಗಿ, ಮಕ್ಕಳಾಗಿ, ಮತ್ತೆ ಪರೀಕ್ಷೆ ಕಟ್ಟುವ ಹೆಂಗಸರಿಗೆ ಪಾಠ ಹೇಳುವ ಈ ಹೆಂಗಸಿನ ಫೋಟೊ ಎಲ್ಲಿಯೂ ಇಲ್ಲ. ನನಗೆ ಅದೇ ಸಿಟ್ಟು. ಅದಕ್ಕೇ ಮೊದಲ ಬಸ್ಸಿಗೆ ಕಾಯದೆ ಹಿಂದಿನ ದಿನವೇ ಬಂದು ಇವರ ಮನೆಯಲ್ಲಿ ಉಳಿದಿದ್ದೇನೆ.

ಚನ್ನಮಲ್ಲಮ್ಮ ಹುಟ್ಟಿದ್ದು ಪಾವಗಡದ ಕಡೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿಯಲ್ಲಿ. ಮನೆಮಾತು ತೆಲುಗು. ಗಂಡ ಕೊಳಾಲದವರು, ಮಧುಗಿರಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಇವರು ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಂಡ ಕಾಮಾಲೆಯಲ್ಲಿ ತೀರಿಕೊಂಡರು, ಮಕ್ಕಳಿಲ್ಲ, ಶಾಲೆಯೂ ಮುಚ್ಚಿತು. ಗಂಡನ ಪಾಲಿಗೆ ಬಂದಿದ್ದ ಎರಡಂಕಣದ ಮನೆಗೆ ಬಂದು ಕೂತರು. ಒಂದು ದಿನ ಪಕ್ಕದ ಮನೆ ಸೊಸೆ ಪುಸ್ತಕ ಹಿಡಿದುಕೊಂಡು ಬಂದು ಜಗಲಿ ಮೇಲೆ ಕೂತು ಅತ್ತಳಂತೆ. ಪಾಠ ಶುರುವಾದದ್ದು ಹಾಗೆ.

ಆಮೇಲೆ ಜಗಲಿ ತುಂಬಿದ ಕಾಲವೂ ಇತ್ತು. ಶಿರಾದಿಂದ, ಬುಕ್ಕಾಪಟ್ಟಣದಿಂದ ಬಸ್ಸು ಬದಲಿಸಿಕೊಂಡು ಬರುತ್ತಿದ್ದರು. ಈಗ ಪಾಠವೆಲ್ಲ ಮೊಬೈಲಿನಲ್ಲಿ ಸಿಗುತ್ತದೆ, ಬರುವವರು ನಿಂತಿದ್ದಾರೆ. ಉಳಿದಿರುವವಳು ದಾಸಮ್ಮ ಒಬ್ಬಳೇ. ಅಂಗನವಾಡಿಯಲ್ಲಿ ಇನ್ನೊಬ್ಬರ ಬದಲಿಗೆ ಕಸ ಗುಡಿಸಿ, ಅಡುಗೆ ಮಾಡುತ್ತಿದ್ದಾಳೆ. ಅದೇ ಕೆಲಸ ಕಾಯಂ ಆಗಬೇಕಾದರೆ ಹತ್ತನೇ ಕ್ಲಾಸು ಪಾಸಾಗಿರಬೇಕು. ಈ ಸಲ ತಪ್ಪಿದರೆ ಅರ್ಜಿ ಹಾಕುವ ವಯಸ್ಸು ಮೀರುತ್ತದೆ. ಅವಳು ಪಾಸಾದರೆ ಚನ್ನಮಲ್ಲಮ್ಮನವರ ಜಗಲಿ ಖಾಲಿ. ಇಬ್ಬರಿಗೂ ಇದು ಗೊತ್ತು, ಇಬ್ಬರೂ ಅದರ ಮಾತೆತ್ತುವುದಿಲ್ಲ.

"ತೆಲುಗು ಮಾತಾಡಾಕೂ ಇಲ್ಲಿ ಯಾರಿಲ್ಲ, ಇಂಗ್ಲಿಷ್ ಮಾತಾಡಾಕೂ ಯಾರಿಲ್ಲ" ಎನ್ನುತ್ತಾರೆ ಚನ್ನಮಲ್ಲಮ್ಮ, ಒಲೆಗೆ ಟೀ ಇಡುತ್ತ. "ಕನ್ನಡ ಮಾತಾಡೋರು ಬೇಕಾದಷ್ಟು ಜನ ಅವ್ರೆ. ಆದ್ರೆ ಅವ್ರಿಗೆ ನನ್ಹತ್ರ ಮಾತೇನೈತೆ? ಮದ್ವೆ, ನಾಮಕರಣ ಅಂತ ಅವ್ರವ್ರ ಮನೇಲಿ ಆಗ್ತಿರ್ತದೆ. ಗಂಡ ಇಲ್ದೋಳನ್ನ ಯಾರು ಮುಂದಕ್ಕೆ ಕರೀತಾರೆ? ಪಾಠದ ಹೊತ್ತು ಬುಟ್ರೆ ನಾನು ಬಾಯಿ ತೆಗೆಯೋದು ಊಟಕ್ಕೇ ಕಣಮ್ಮ." ಹೇಳಿ ತಾವೇ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಟೀ ಕುಡಿಯುವಾಗ ನಾನು ದಾಸಮ್ಮನನ್ನು ಕೇಳುತ್ತೇನೆ: ಇಷ್ಟು ಚೆನ್ನಾಗಿ ಹೇಳುತ್ತೀಯಲ್ಲ, ಹೋದ ಸಲ ಯಾಕೆ ಫೇಲಾದೆ? ಅವಳು ಲೋಟ ಕೆಳಗಿಟ್ಟು ಮೇಡಂ ಕಡೆ ಕಳ್ಳನೋಟ ಬೀರುತ್ತಾಳೆ.

"ಬೈಬಾರ್ದು ಕಣಕ್ಕ. ಒಂದೆರಡು ಪ್ರಶ್ನೆ ಗೊತ್ತಿದ್ದೂ ಸರಿಯಾಗಿ ಬರೀಲಿಲ್ಲ."

"ಗೊತ್ತಿದ್ದೂ?" ಎನ್ನುತ್ತಾರೆ ಚನ್ನಮಲ್ಲಮ್ಮ.

"ಮನೇಲಿ ಅಕ್ಕಿ ಮುಗಿದೈತೆ ಅಂತ ಬರೀಬೇಕಿತ್ತು. ಹೆಂಗಕ್ಕ ಬರೀಲಿ, ನನ್ ಕೈಯಾರೆ? ಅದ್ಕೇ ಅಕ್ಕಿ ತುಂಬೈತೆ ಅಂತ ಬರ್ದೆ. ಇನ್ನೊಂದು ದೀಪದ್ದು, ಆರೋಗೈತೆ ಅಂತ. ಸಂಜೆ ಹೊತ್ತು ಮನೆಗೆ ಹೋಗಿ ದೀಪ ಹಚ್ಚೋಳು ನಾನು. ಅದನ್ನ ಮುಟ್ಲೇ ಇಲ್ಲ, ಜಾಗ ಖಾಲಿ ಬುಟ್ಬುಟ್ಟೆ."

ಮೊದಲು ನಾನು ನಕ್ಕುಬಿಡುತ್ತೇನೆ. ಆಮೇಲೆ ನಮ್ಮ ಅಜ್ಜಿಯ ನೆನಪಾಗುತ್ತದೆ. ಡಬ್ಬದ ತಳ ಕೆರೆಯುವ ಸದ್ದು ಕೇಳುತ್ತಿದ್ದರೂ "ಅಕ್ಕಿ ತುಂಬೈತೆ" ಎಂದೇ ಅವಳು ಹೇಳಬೇಕು, ತಾತ ಚೀಲ ಹಿಡಿದು ಅಂಗಡಿಗೆ ಹೊರಡಬೇಕು. ಇಲ್ಲಿನ ಮನೆಗಳಲ್ಲಿ ದೀಪವೂ ಆರುವುದಿಲ್ಲ, ಶಾಂತವಾಗುತ್ತದೆ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಮನೆ ಮೇಲಿನ ಅಸ್ತು ದೇವತೆ ಅಸ್ತು ಅಂದುಬಿಡುತ್ತಾಳೆ. ಪ್ರಶ್ನೆಪತ್ರಿಕೆ ತೆಗೆದವರು ಇದನ್ನೆಲ್ಲ ಎಲ್ಲಿ ಯೋಚಿಸುತ್ತಾರೆ?

"ಲೇ ದಾಸಿ! ಕೂದಲೆಳೆಯಲ್ಲಿ ಹೋಯ್ತಲ್ಲೇ ನಿಂದು! ಇಷ್ಟು ದಿನ ಬಾಯಲ್ಲೇನು ಕಡುಬು ಇಟ್ಕೊಂಡಿದ್ಯಾ?" ಚನ್ನಮಲ್ಲಮ್ಮ ರೇಗುತ್ತಾರೆ. ಆಮೇಲೆ ಅವರಿಗೇ ಹೊಳೆಯುತ್ತದೆ: ಬೀದಿಯಲ್ಲಿ ತಾವೂ ಒಳ್ಳೆಯ ಗುರುತುಗಳನ್ನಷ್ಟೇ ತೋರಿಸುತ್ತ ಬಂದಿದ್ದಾರೆ. ಯಾರ ಮನೆಯಲ್ಲೂ ಏನೂ ಮುಗಿದದ್ದನ್ನು, ಆರಿದ್ದನ್ನು ತೋರಿಸಿಲ್ಲ. "ನಾನೂ ಇದೇ ನೀರು ಕುಡ್ದೋಳಲ್ವಾ" ಎನ್ನುತ್ತಾರೆ.

ಪರೀಕ್ಷೆಗೆ ಇನ್ನು ವಾರವೂ ಇಲ್ಲ. ಅಂಥದೇ ಪ್ರಶ್ನೆ ಮತ್ತೆ ಬಂದರೆ ಇವಳು ಮತ್ತೆ ಬಿಟ್ಟು ಬರುವವಳೇ. ಚನ್ನಮಲ್ಲಮ್ಮ ಟೀ ಲೋಟ ಪಕ್ಕಕ್ಕಿಟ್ಟು ಅವಳ ಎದುರಿಗೆ ಸರಿದು ಕೂರುತ್ತಾರೆ.

"ನಿನ್ನ ಮನೆ ಬ್ಯಾಡ. ನನ್ ಮನೆ ಮೇಲೆ ಹಾಕಿ ಹೇಳು."

"ಬುಡ್ತು ಅನ್ನಕ್ಕ!"

"ಬುಡ್ತೂ ಇಲ್ಲ ಗಿಡ್ತೂ ಇಲ್ಲ. ನನ್ ಮನೇಲಿ ಕಳ್ಕೊಳ್ಳೋದು ಇನ್ನೇನೈತೆ? ಚನ್ನಮಲ್ಲಮ್ಮನ ಮನೇಲಿ ಅಕ್ಕಿ ಮುಗಿದೈತೆ. ಹೇಳು. ಚನ್ನಮಲ್ಲಮ್ಮನ ಮನೆ ದೀಪ ಆರೈತೆ. ಹೇಳು. ಚನ್ನಮಲ್ಲಮ್ಮನ ಗಂಡ ಸತ್ತವ್ನೆ. ಎಲ್ಲಾ ಆಗೋಗಿರೋದೇ ಕಣೇ, ನೀನು ಹೇಳಿದ್ರೆ ಹೊಸ್ದಾಗಿ ಏನೂ ಆಗಲ್ಲ."

ದಾಸಮ್ಮ ತಲೆ ಅಲ್ಲಾಡಿಸುತ್ತಾಳೆ. ಅಳುತ್ತಾಳೆ. ಮೂಗು ಒರೆಸಿಕೊಳ್ಳುತ್ತಾಳೆ. ಕೊನೆಗೆ ನೆಲ ನೋಡಿಕೊಂಡು, ಕೇಳಿಯೂ ಕೇಳದಂತೆ ಹೇಳುತ್ತಾಳೆ: "ದ ಲ್ಯಾಂಪ್ ಹ್ಯಾಸ್ ಗಾನ್ ಔಟ್ ಇನ್ ಚನ್ನಮಲ್ಲಮ್ಮಾಸ್ ಹೌಸ್." ಹೇಳಿದವಳೇ ಎದ್ದು, ಎರಡೂ ಕೈಯಿಂದ ಮೇಡಂ ಕೆನ್ನೆ ನೀವಿ, ತನ್ನ ಹಣೆಯ ಪಕ್ಕ ಒತ್ತಿ ಲಟಲಟ ನೆಟಿಗೆ ಮುರಿಯುತ್ತಾಳೆ. ಚನ್ನಮಲ್ಲಮ್ಮ ಆ ಕೈಗಳನ್ನು ಬಿಡಿಸಿಕೊಳ್ಳುವುದಿಲ್ಲ. "ನಂಗೆ ದೃಷ್ಟಿ ತೆಗೆದು ಎಷ್ಟು ಕಾಲ ಆಗಿತ್ತೋ" ಎಂದು ಗೋಡೆ ಕಡೆ ತಿರುಗುತ್ತಾರೆ. ಆಮೇಲೆ ಪಾಠ ಮುಂದುವರಿಯುತ್ತದೆ. ಆ ಬೆಳಗ್ಗೆ ಆ ಮನೆಯಲ್ಲಿ ಎಣ್ಣೆ ಮುಗಿಯುತ್ತದೆ, ಮಡಕೆ ಒಡೆಯುತ್ತದೆ, ಬಾವಿ ಬತ್ತುತ್ತದೆ, ಎಲ್ಲವೂ ಇಂಗ್ಲಿಷಿನಲ್ಲಿ.

ಫಲಿತಾಂಶದ ದಿನ ನಾನು ಮತ್ತೆ ಕೊಳಾಲಕ್ಕೆ ಬರುತ್ತೇನೆ. ಬರೆದದ್ದನ್ನು ಪೇಪರಿಗೆ ಕೊಡುವ ಮೊದಲು ತಿಳಿಯದೆ ಇರಲಾಗಲಿಲ್ಲ. ಜಗಲಿ ಮೇಲೆ ಮೈಸೂರುಪಾಕಿನ ಪೊಟ್ಟಣ ಬಿಚ್ಚಿಕೊಂಡಿದೆ. ದಾಸಮ್ಮ ಪಾಸು. ಕೊರಟಗೆರೆಯ ಸೈಬರ್ ಸೆಂಟರಿನವನು ಎರಡು ಸಲ ನೋಡಿ ಹೇಳಿದನಂತೆ. ಪರೀಕ್ಷೆಯಲ್ಲಿ ದೀಪವೂ ಬರಲಿಲ್ಲ, ಅಕ್ಕಿಯೂ ಬರಲಿಲ್ಲ. ಕಿಟಕಿ ಗಾಜು ಒಡೆದಿರುವುದು ಬಂದಿತ್ತಂತೆ. "ನಿಮ್ಮನೆ ಕಿಟಕಿ ಅಂದ್ಕೊಂಡು ಬರ್ದೆ ಕಣಕ್ಕ" ಎನ್ನುತ್ತಾಳೆ. ಚನ್ನಮಲ್ಲಮ್ಮ ಅವಳ ಬೆನ್ನಿಗೊಂದು ಗುದ್ದುತ್ತಾರೆ.

ಅವಳಿಗೆ ಹೊತ್ತಾಗುತ್ತದೆ, ಮಕ್ಕಳು ಕಾಯುತ್ತಿರುತ್ತವೆ. ಅರ್ಜಿಗೆ ಓಡಾಡಬೇಕು. ಆಗಾಗ ಬರ್ತೀನಿ ಎನ್ನುತ್ತಾಳೆ. ಹೂಂ ಬಾ ಎನ್ನುತ್ತಾರೆ ಮೇಡಂ. ಅವಳು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು, ಪೊಟ್ಟಣವನ್ನು ಮತ್ತೆ ದಾರ ಸುತ್ತಿ ಕಟ್ಟುತ್ತಾರೆ. ಒಬ್ಬರಿಗೆ ಅಷ್ಟೊಂದು ಸಿಹಿ ಮುಗಿಯುವುದಿಲ್ಲ.

ಇಂಥ ಲೇಖನದ ಕೊನೆಗೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯಾ?

"ಇದ್ದೇ ಐತೆ. ಇನ್ನೊಬ್ಬಳು ಬರ್ಲಿ ಅಂತ. ಬೆಳಿಗ್ಗೆ ಎದ್ದು ಯಾಕೆ ಎದ್ದೆ ಅಂತ ಅನ್ನಿಸ್ಬಾರ್ದಲ್ಲ." ಪೊಟ್ಟಣ ಒಳಗಿಟ್ಟು ಬಂದು ಹೇಳುತ್ತಾರೆ: "ದಿನಾ ದೇವಸ್ಥಾನಕ್ಕೆ ಹೋಗ್ತೀನಿ. ಆದ್ರೆ ನನ್ನ ಜಗಲಿಗೆ ಬರೋಳು ಫೇಲಾಗೇ ಬರ್ಬೇಕಲ್ಲಮ್ಮ. ಯಾರ ಮನೆ ಮಗಳೋ ಫೇಲಾಗ್ಲಿ ಅಂತ ಹೆಂಗೆ ಕೇಳ್ಲಿ? ಅದ್ಕೇ ಏನೂ ಕೇಳ್ದೆ ಸುಮ್ನೆ ನಿಂತಿದ್ದು ಬರ್ತೀನಿ."