ನಾಲ್ಕು ಬೆರಳು ನೀರು

ಮಾಯಿನ್ ನದಿಯ ದಡದ ಲಾಂಗೆನ್‌ವೆರ್ತ್ ಪಟ್ಟಣಕ್ಕೆ ಬಂದವರಿಗೆ ಗೆರ್ಲಿಂಡೆ ಔಮ್ಯೂಲರ್ ಮೂವತ್ತೊಂದು ವರ್ಷ ಊರು ತೋರಿಸಿದಳು. ಶನಿವಾರ ಹತ್ತೂವರೆಗೆ ಸರಿಯಾಗಿ ಪುರಸಭೆಯ ಎದುರಿನ ಬಾವಿಕಟ್ಟೆಯ ಹತ್ತಿರ ನಿಂತಿರುತ್ತಿದ್ದಳು. ಎದೆಯ ಮೇಲೆ ಊರಿನ ಮುದ್ರೆಯಿದ್ದ ಹಿತ್ತಾಳೆ ಬಿಲ್ಲೆ, ಕೈಯಲ್ಲಿ ತೀರಿಹೋದ ಗಂಡ ಕೊನ್ರಾಡನ ಮಡಚುವ ಅಳತೆಕೋಲು. ಬೇರೆ ಊರುಗಳಲ್ಲಿ ಊರು ತೋರಿಸುವವರು ಬಣ್ಣದ ಕೊಡೆ ಎತ್ತಿ ಹಿಡಿಯುತ್ತಾರೆ. ಇವಳು ಆ ಕೋಲನ್ನು ಬಿಚ್ಚಿ ಮಕ್ಕಳನ್ನು ಗದರುವ ಹಾಗೆ ಗೋಡೆಗೆ ತೋರಿಸುತ್ತಿದ್ದಳು. ಸಿಹಿ ಮಾತು ಅವಳ ನಾಲಿಗೆಗೆ ಬಂದದ್ದೇ ಇಲ್ಲ. ಯಾರಾದರೂ ಹಿಂದೆ ಉಳಿದರೆ, "ಕಾಲು ನೋಯೋರು ಕಾಫಿ ಅಂಗಡೀಲಿ ಕೂತ್ಕೊಳ್ಳಿ, ಈ ಊರು ನಡೆಯೋರಿಗೆ" ಅನ್ನುತ್ತಿದ್ದಳು.

ಆ ಬಿಲ್ಲೆ ಅವಳಿಗೆ ಬರೀ ಹಿತ್ತಾಳೆಯಾಗಿರಲಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ ಅವಳು ಹೊಳೆ ದಾಟಿ ಈ ಊರಿಗೆ ಮದುವೆಯಾಗಿ ಬಂದವಳು. ಆಚೆ ದಡದವರು ಲೂಥರನ ಸಭೆಯ ಪ್ರಾಟೆಸ್ಟಂಟರು, ಈಚೆ ದಡದವರು ಪೋಪನ ಮಂದಿ, ಕ್ಯಾಥೊಲಿಕರು. ನಡುವೆ ಇದ್ದದ್ದು ಒಂದು ದೋಣಿ, ಕೂಗಿದರೆ ಕೇಳುವಷ್ಟು ನೀರು. ಆದರೂ ಮದುವೆಯ ದಿನ ಕೊನ್ರಾಡನ ಸ್ವಂತ ಸೋದರತ್ತೆ ಊಟಕ್ಕೆ ಕೂರದೆ ಎದ್ದುಹೋದಳು. ಬ್ರೆಡ್ಡಿನ ಅಂಗಡಿಯಲ್ಲಿ, "ಆ ಆಚೆ ದಡದವಳಿಗೇನು ಬೇಕಂತೆ ಕೇಳು" ಎಂದು ಅವಳ ಎದುರಿಗೇ ಅನ್ನುತ್ತಿದ್ದರು. ಅವಳಿಗೊಂದು ಹೆಸರಿದೆ ಎಂಬುದೇ ಯಾರಿಗೂ ನೆನಪಿರಲಿಲ್ಲ. ಬಿಲ್ಲೆ ಸಿಕ್ಕ ವರ್ಷ ಯಾರೋ ಪರಸ್ಥಳದವರು, "ನೀವು ಇದೇ ಊರಿನವರಾ ಅಮ್ಮ?" ಎಂದು ಕೇಳಿದರು. "ಹೌದು" ಅಂದಳು. ಎದುರು ಮಾತಾಡುವವರು ಯಾರೂ ಪಕ್ಕದಲ್ಲಿರಲಿಲ್ಲ. ಆ ಒಂದು "ಹೌದು" ಆ ಬಿಲ್ಲೆಯ ಪಿನ್ನಿಗೇ ಸಿಕ್ಕಿಕೊಂಡಿತ್ತು.

ಎದುರು ಮಾತಾಡುವವಳು ಒಬ್ಬಳಿದ್ದಳು, ವಾಲ್ಬುರ್ಗಾ ಹೆಮ್ಮರಿಖ್. ಬೆಸ್ತರ ಓಣಿಯಲ್ಲಿ ಗೆರ್ಲಿಂಡೆಯ ಬಾಗಿಲಿನಿಂದ ಏಳು ಹೆಜ್ಜೆ ಹಾಕಿದರೆ ಅವಳ ಬಾಗಿಲು. ಮಹಡಿಯ ಕಿಟಕಿಯ ಕಟ್ಟೆಗೆ ಒಂದು ದಿಂಬು ಹಾಕಿ, ಅದರ ಮೇಲೆ ಎರಡು ಮೊಣಕೈ ಊರಿ, ಶನಿವಾರದ ಗುಂಪಿಗಾಗಿಯೇ ಕಾದಿರುತ್ತಿದ್ದಳು. ಗೆರ್ಲಿಂಡೆ ತನ್ನ ಮನೆಯ ಮುಂದೆ ನಿಂತು ಬಾಯಿ ತೆರೆದಳೋ ಇಲ್ಲವೋ, ಮೇಲಿನಿಂದ ಬೀಳುತ್ತಿತ್ತು: "ಸುಳ್ಳು! ಅವಳು ಹೇಳೋದೆಲ್ಲ ಸುಳ್ಳು!" ಬಂದವರು ನಗುತ್ತಿದ್ದರು, ಇದೂ ಆಟದ ಒಂದು ಭಾಗವೇನೋ ಅಂದುಕೊಂಡು.

ಹಗೆ ಇದ್ದದ್ದು ಒಂದು ಕಲ್ಲಿನ ವಿಷಯಕ್ಕೆ. 1784ರ ಚಳಿಗಾಲದಲ್ಲಿ ಹೊಳೆಯ ಮಂಜುಗಡ್ಡೆ ಒಡೆದು ನೀರು ಊರಿಗೆ ನುಗ್ಗಿತ್ತು. ನೀರು ನಿಂತ ಮಟ್ಟಕ್ಕೆ ಓಣಿಯ ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಕೆಂಪು ಕಲ್ಲು ಕೂರಿಸಿ, ಗೆರೆ ಕೊರೆದು, ಇಸವಿ ಕೆತ್ತಿದ್ದಾರೆ. ಅಕ್ಟೋಬರಿನಲ್ಲಿ ಹೊಸ ದ್ರಾಕ್ಷಾರಸದ ಮೊದಲ ಪೀಪಾಯಿ ಒಡೆದಾಗ, ಹೊಸ್ತಿಲಿನಿಂದ ಅಳೆದರೆ ಯಾವ ಮನೆಯಲ್ಲಿ ನೀರು ಎಲ್ಲಕ್ಕಿಂತ ಆಳ ನಿಂತಿತ್ತೋ ಆ ಮನೆಗೆ ಮೊದಲ ಲೋಟ. ಹೆಚ್ಚು ಮುಳುಗಿದವರಿಗೆ ಹೆಚ್ಚು ಮರ್ಯಾದೆ. ತಲೆತಲಾಂತರದಿಂದ ಆ ಲೋಟ ಹೆಮ್ಮರಿಖ್ ಮನೆಯದು. 1972ರಲ್ಲಿ ಗಾರೆಯವನಾದ ಕೊನ್ರಾಡ್ ತನ್ನ ಮನೆಯ ಹಳೆಯ ಗಿಲಾವು ಕಿತ್ತು ಹೊಸದು ಬಳಿದ. ಆ ಅಕ್ಟೋಬರಿನಲ್ಲಿ ಅಳೆದು ನೋಡಿದರೆ ಔಮ್ಯೂಲರ್ ಮನೆಯ ಗೆರೆ ಎರಡು ಬೆರಳು ಹೆಚ್ಚು! ವಾಲ್ಬುರ್ಗಾಳ ತಾಯಿ ಬೀದಿಯಲ್ಲಿ ನಿಂತು, "ಕಲ್ಲು ಮೇಲೆ ಹತ್ತಿದೆ!" ಎಂದು ಎದೆ ಬಡಿದುಕೊಂಡಳು. "ಕಲ್ಲಿಗೆ ಕಾಲು ಬಂತೇನಮ್ಮಾ?" ಎಂದು ಊರೆಲ್ಲ ನಕ್ಕಿತು. ಇಗರ್ಜಿಯ ಗೋಪುರವನ್ನೇ ರಿಪೇರಿ ಮಾಡಿದ ಕೊನ್ರಾಡನನ್ನು ಅನುಮಾನಿಸುವುದುಂಟೇ? ಮುದುಕಿ ಅದೇ ಸಂಕಟದಲ್ಲಿ ಸತ್ತಳು. ಅವಳ ದಿಂಬು ಮಗಳಿಗೆ ಬಂತು.

ಎರಡು ಮನೆಯ ಗೆರೆಯನ್ನು ಒಂದಕ್ಕೊಂದು ಹಿಡಿದು ನೋಡಬೇಕೆಂದು ಐವತ್ತು ವರ್ಷದಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಎಲ್ಲರೂ ಅಳೆಯುತ್ತಿದ್ದುದು ಅವರವರ ಹೊಸ್ತಿಲಿನಿಂದ. ಐವತ್ತನೆಯ ವರ್ಷದ ಬೇಸಿಗೆಯಲ್ಲಿ ಓಣಿಗೆ ಹೊಸ ಕಲ್ಲುಹಾಸು ಹಾಕಲು ಬಂದ ಕೆಲಸಗಾರರು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡುವುದನ್ನು ವಾಲ್ಬುರ್ಗಾ ದಿಂಬಿನ ಮೇಲಿನಿಂದ ಮೂರು ದಿನ ನೋಡಿದಳು. ನಾಲ್ಕನೆಯ ದಿನ ಇಳಿದುಹೋಗಿ ತಾನೂ ಒಂದು ಪೈಪು ಕೊಂಡಳು. ಆಮೇಲೆ ಪ್ರವಾಸಿ ಕಚೇರಿಗೆ ಕಾಗದ ಬರೆದಳು: ಊರಿನ ಬಿಲ್ಲೆ ಧರಿಸಿ ಊರಿಗೇ ಸುಳ್ಳು ಹೇಳುವವಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ?

ಸೆಪ್ಟೆಂಬರಿನ ಒಂದು ಶನಿವಾರ ಬಾವಿಕಟ್ಟೆಯ ಹತ್ತಿರ ಹನ್ನೊಂದು ಜನ ಪ್ರವಾಸಿಗಳ ಜೊತೆ ಕಚೇರಿಯ ಅಧಿಕಾರಿ ಫ್ರಾವ್ ರೈಮರ್ಸ್ ಕೂಡ ನಿಂತಿದ್ದಳು. ಬಡಗಣ ಸಮುದ್ರದ ಕಡೆಯ ಹೆಂಗಸು. ಮಾತು ಚೊಕ್ಕ, ಮುಖ ತಣ್ಣಗೆ.

"ಫ್ರಾವ್ ಔಮ್ಯೂಲರ್, ನಾನು ಸುಮ್ನೆ ಕೇಳಿಸ್ಕೊಳ್ತೀನಿ. ನಿಮ್ಮ ಕೆಲಸ ನೀವು ಮಾಡಿ. ಆದ್ರೆ ದೂರು ನಿಜ ಅಂತಾದ್ರೆ ಬಿಲ್ಲೆ ವಾಪಸ್ ತಗೋಬೇಕಾಗುತ್ತೆ."

"ಸುಮ್ನೆ ಕೇಳಿಸ್ಕೊಳ್ಳೋರು ಪುಸ್ತಕ, ಪೆನ್ನು ತರಲ್ಲ" ಅಂದಳು ಗೆರ್ಲಿಂಡೆ.

ಅಂದು ಅವಳ ನಡಿಗೆ ಚುರುಕಾಗಿತ್ತು, ನಾಲಿಗೆ ಇನ್ನೂ ಚುರುಕು. ಇಗರ್ಜಿ, ಉಪ್ಪಿನ ಉಗ್ರಾಣ, ವಾಲಿದ ಗೋಪುರ ಎಲ್ಲವನ್ನೂ ಕೋಲಿನಿಂದ ಕುಟ್ಟಿ ಕುಟ್ಟಿ ತೋರಿಸಿದಳು. ಒಬ್ಬ ದಪ್ಪ ಗಂಡಸು, "ಇನ್ನೆಷ್ಟು ಮೆಟ್ಟಿಲಿದೆ?" ಎಂದು ಗೊಣಗಿದಾಗ, "ಇಳಿಯೋಕೆ ಇರೋವಷ್ಟೇ" ಅಂದಳು. ಬೆಸ್ತರ ಓಣಿಗೆ ತಿರುಗಿದಾಗ ಮೊದಲು ತಲೆಯೆತ್ತಿ ಎದುರು ಮನೆಯ ಮಹಡಿ ನೋಡಿದಳು. ಕಿಟಕಿಯಲ್ಲಿ ದಿಂಬಿತ್ತು, ವಾಲ್ಬುರ್ಗಾ ಇರಲಿಲ್ಲ. ಅವಳು ಕೆಳಗೆ, ಓಣಿಯ ನಡುವೆ, ಹೆಗಲಿಗೆ ಪೈಪಿನ ಸುರುಳಿ ಹಾಕಿಕೊಂಡು ನಿಂತಿದ್ದಳು. ಭಾನುವಾರದ ಪೂಜೆಗೆ ಉಡುವ ಕಪ್ಪು ಉಡುಪು ಬೇರೆ.

"ಬನ್ನಿ ಫ್ರಾವ್ ಔಮ್ಯೂಲರ್" ಅಂದಳು. ಐವತ್ತು ವರ್ಷ ಎದುರು ಬದುರು ಇದ್ದರೂ ಅವರಿಬ್ಬರ ನಡುವೆ ಇದ್ದದ್ದು ಶ್ರೀಮತಿ ಎನ್ನುವ ಆ "ಫ್ರಾವ್" ಮಾತ್ರ, "ನೀನು" ಹುಟ್ಟಿರಲಿಲ್ಲ. "ಹೇಳಿ ನಿಮ್ಮ ಪುರಾಣ. ಇವತ್ತು ನಾನೂ ಸ್ವಲ್ಪ ತೋರಿಸ್ತೀನಿ."

"ಇದು ನನ್ನ ಗುಂಪು. ನಿಮ್ಮ ಮನೆ ನಲ್ಲಿ ಕೆಟ್ಟಿದ್ರೆ ಪ್ಲಂಬರನ್ನ ಕರೀರಿ."

ಜನ ನಕ್ಕರು. ವಾಲ್ಬುರ್ಗಾ ನಗಲಿಲ್ಲ. ಪೈಪಿನ ಒಂದು ತುದಿಯನ್ನು ಆ ದಪ್ಪ ಗಂಡಸಿನ ಕೈಗೆ ತುರುಕಿ, "ಹಿಡ್ಕೊಳ್ಳಿ, ಅಲ್ಲಾಡಿಸಬೇಡಿ. ಇದಕ್ಕೆ ಮೆಟ್ಟಿಲಿಲ್ಲ" ಎಂದು ಅವನನ್ನು ಔಮ್ಯೂಲರ್ ಮನೆಯ ಕಲ್ಲಿನ ಹತ್ತಿರ ನಿಲ್ಲಿಸಿದಳು. ಇನ್ನೊಂದು ತುದಿಯನ್ನು ತನ್ನ ಮನೆಯ ಕಲ್ಲಿಗೆ ಹಿಡಿದು, ನೀರು ತನ್ನ ಗೆರೆಗೆ ಸರಿಯಾಗಿ ನಿಲ್ಲುವ ತನಕ ಏರಿಸಿ ಇಳಿಸಿದಳು.

"ಹೊಳೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ ತಾನೇ? ನನ್ನ ಮನೆಗೊಂದು, ಅವರ ಮನೆಗೊಂದು ಅಂತ ನಿಲ್ಲಲ್ಲ. ಈಗ ನೋಡಿ ಸ್ವಾಮಿ, ನಿಮ್ಮ ಕಡೆ ನೀರು ಎಲ್ಲಿದೆ?"

ದಪ್ಪ ಗಂಡಸು ಬಗ್ಗಿ ನೋಡಿದ. "ಗೆರೆಗಿಂತ ಕೆಳಗಿದೆ. ಒಂದು... ನಾಲ್ಕು ಬೆರಳು."

ಫ್ರಾವ್ ರೈಮರ್ಸ್ ಪೆನ್ನಿನ ಮುಚ್ಚಳ ತೆಗೆದಳು. "ಹಾಗಾದ್ರೆ ಎರಡರಲ್ಲಿ ಒಂದು ಕಲ್ಲು ಜರುಗಿದೆ. ಯಾವುದು?"

ಗೆರ್ಲಿಂಡೆಗೆ ಉತ್ತರ ಬಾಯಿತುದಿಯಲ್ಲೇ ಇತ್ತು. ಯುದ್ಧದ ಕೊನೆಯಲ್ಲಿ ಹೆಮ್ಮರಿಖ್ ಮನೆಯ ಮುಂಗೋಡೆ ಬಿದ್ದು ಮತ್ತೆ ಕಟ್ಟಿದ್ದು ಊರಿಗೆಲ್ಲ ಗೊತ್ತು. 'ಅವರ ಕಲ್ಲೇ ಆಗ ಕೆಳಗೆ ಕೂತಿರಬೇಕು' ಎಂದು ಒಂದು ಮಾತು ಅಂದರೆ ಮುಗಿಯಿತು. ಕಚೇರಿಯವಳು ಬರೆದುಕೊಳ್ಳುತ್ತಾಳೆ, ಬಿಲ್ಲೆ ಎದೆಯ ಮೇಲೇ ಉಳಿಯುತ್ತದೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ವಾಲ್ಬುರ್ಗಾ ನುಗ್ಗಿದಳು.

"ಯಾವುದು ಅಂತ ಕೇಳ್ತೀರಲ್ಲ! ಕರಣೆ ಯಾರ ಕೈಯಲ್ಲಿತ್ತು? ಕೊನ್ರಾಡ್ ಕಳ್ಳ! ಒಂದು ಲೋಟ ವೈನಿಗೆ ನನ್ನ ತಾಯಿ ಮರ್ಯಾದೆ ಕದ್ದ ಕಳ್ಳ. ಅವನ ಗೋರಿ ಕಲ್ಲನ್ನೂ ಅಳೀಬೇಕು, ಅದನ್ನೂ ನಾಲ್ಕು ಬೆರಳು ಎತ್ತಿಟ್ಟಿರ್ತಾನೆ!"

ಗೆರ್ಲಿಂಡೆಯ ಕೈಯಲ್ಲಿದ್ದ ಕೋಲು ಪಟಪಟನೆ ತಾನೇ ಮಡಚಿಕೊಂಡಿತು. ಕೊನ್ರಾಡ್ ಜೀವಮಾನದಲ್ಲಿ ಒಂದು ಇಟ್ಟಿಗೆಯನ್ನೂ ಓರೆ ಇಟ್ಟವನಲ್ಲ. ಗಿಲಾವು ಬಳಿದ ದಿನ ಕಲ್ಲನ್ನು ಅಂಗೈ ಮೇಲೆ ಹೊತ್ತು, ಗೋಡೆಯ ಹಳೆಯ ಗುಳಿಗೆ ಸರಿಯಾಗಿ ಹಿಡಿದಿದ್ದ. ಅಂದು ಬೆಳಿಗ್ಗೆಯಷ್ಟೇ ಬ್ರೆಡ್ಡಿನ ಅಂಗಡಿಯಲ್ಲಿ ವಾಲ್ಬುರ್ಗಾಳ ತಾಯಿ, "ಆಚೆ ದಡದವಳ ಹೊಟ್ಟೇಲಿ ಹುಟ್ಟೋದು ಈಜು ಬರೋ ಪಿಂಡಾನೋ ಏನೋ" ಅಂದಿದ್ದಳು. ಗೆರ್ಲಿಂಡೆಗೆ ಆಗ ಮೂರು ತಿಂಗಳು. ಆ ಮಗು ಉಳಿಯಲಿಲ್ಲ.

"ಕೊನ್ರಾಡನ ಹೆಸರು ಎತ್ತಬೇಡಿ" ಅಂದಳು. ದನಿ ಏರಿಸಲಿಲ್ಲ. "ಅವನು ಇದ್ದ ಜಾಗದಲ್ಲೇ ಇಡ್ತಿದ್ದ. ಗಾರೆ ಕಲಸಿದ್ದು ನಾನು. ಮೇಲೆ ಇಡು ಅಂದಿದ್ದೂ ನಾನು. ಬೇಡ ಕಣೇ, ನೀರಿಗೆ ಅವಮಾನ ಅಂದ. ಮೇಲೆ ಇಡ್ತೀಯೋ, ನಾನು ದೋಣಿ ಹತ್ಲೋ ಅಂದೆ. ಇಟ್ಟ. ಬರ್ಕೊಳ್ಳಿ ಫ್ರಾವ್ ರೈಮರ್ಸ್. ಹೆಸರು ಸರಿಯಾಗಿ ಬರೀರಿ, ಗೆರ್ಲಿಂಡೆ."

"ಯಾಕೆ ಮಾಡಿದ್ರಿ?" ಎಂದಳು ಅಧಿಕಾರಿ.

"ಇವರಮ್ಮನ್ನ ಕೇಳಿ."

"ಸತ್ತೋರನ್ನ ಕೇಳು ಅಂತಾಳೆ ನೋಡಿ!" ವಾಲ್ಬುರ್ಗಾ ಜನರ ಕಡೆ ತಿರುಗಿದಳು. "ನಾನು ಹೇಳ್ಲಿಲ್ವಾ? ಆಚೆ ದಡದವಳು, ಆಚೆ ದಡದ ಬುದ್ಧಿ!"

ಗೆರ್ಲಿಂಡೆ ಬಿಲ್ಲೆ ಬಿಚ್ಚಿದಳು. ಪಿನ್ನು ತುಕ್ಕು ಹಿಡಿದು ಬಿಗಿದಿತ್ತು, ಕೋಟಿನ ಬಟ್ಟೆ ಸ್ವಲ್ಪ ಹರಿಯಿತು. ಅದನ್ನು ಅಧಿಕಾರಿಯ ತೆರೆದ ಪುಸ್ತಕದ ಮೇಲೆ ಇಟ್ಟು, ಕೀಲಿ ತೆಗೆದು ಒಳಗೆ ಹೋದಳು. ಬೀದಿಯಲ್ಲಿ ಉಳಿದ ಹನ್ನೊಂದು ಜನಕ್ಕೆ ಬಾವಿಕಟ್ಟೆಗೆ ವಾಪಸ್ ಹೋಗುವ ದಾರಿ ಗೊತ್ತಿರಲಿಲ್ಲ. ಫ್ರಾವ್ ರೈಮರ್ಸ್ ಪುಸ್ತಕದ ಮೇಲಿನ ಬಿಲ್ಲೆಯನ್ನೇ ನೋಡುತ್ತಿದ್ದಳು. ದಾರಿ ಬಲ್ಲ ವಾಲ್ಬುರ್ಗಾ ಹೇಳಲಿಲ್ಲ, ಪೈಪು ಸುತ್ತಿಕೊಂಡು ನಡೆದಳು.

ಅಕ್ಟೋಬರಿನ ಹೊತ್ತಿಗೆ ಕಲ್ಲನ್ನು ನಾಲ್ಕು ಬೆರಳು ಇಳಿಸಿದರು. ಹೊಸ ಗಿಲಾವು ಹಳೆಯದರೊಳಗೆ ತೇಪೆಯ ಹಾಗೆ ಕಾಣುತ್ತಿತ್ತು. ಪೀಪಾಯಿ ಒಡೆದು ಮೊದಲ ಲೋಟವನ್ನು ವಾಲ್ಬುರ್ಗಾಳಿಗೆ ಕೊಟ್ಟರು. ಅವಳು ಅದೇ ಕಪ್ಪು ಉಡುಪಿನಲ್ಲಿ ಬಂದು, ಜನರೆದುರು ಒಂದೇ ಗುಟುಕಿಗೆ ಕುಡಿದಳು. ಮುಖ ಹುಣಿಸೇಹಣ್ಣು ಕಚ್ಚಿದ ಹಾಗಾಯಿತು.

ಗುಂಪಿನ ಹಿಂದೆ ನಿಂತಿದ್ದ ಗೆರ್ಲಿಂಡೆ ಹೇಳಿದಳು: "ಮೊದಲ ಲೋಟ ಯಾವಾಗಲೂ ಹುಳಿ. ಐವತ್ತು ವರ್ಷ ಕುಡಿದವಳು ನಾನು. ಇನ್ನು ನೀವು ಕುಡೀರಿ."

ವಾಲ್ಬುರ್ಗಾ ಅವಳ ಕಡೆ ನೋಡಲಿಲ್ಲ. ಲೋಟ ಮುಂದೆ ಚಾಚಿ, "ಇನ್ನೊಂದು" ಅಂದಳು.

ಮುಂದಿನ ವಸಂತದಲ್ಲಿ ಊರು ತೋರಿಸಲು ಕೆನ್ನೆಗೆ ಮೈಕು ಅಂಟಿಸಿಕೊಂಡ ಒಬ್ಬ ಹೊಸಬ ಬಂದ. ಆ ಹೊತ್ತಿಗೆ ಗೆರ್ಲಿಂಡೆ ಕೊನ್ರಾಡನ ಹಳೆಯ ಕೋಟು ಕತ್ತರಿಸಿ, ಹೊಲಿದು, ಕಿಟಕಿಗೊಂದು ದಿಂಬು ಮಾಡಿಕೊಂಡಿದ್ದಳು. ಹೊಸಬ ತೇಪೆಯ ಮುಂದೆ ನಿಂತು ರಾಗವಾಗಿ ಶುರುಮಾಡಿದ: "ಇಲ್ಲಿ ನೋಡಿ, ನಮ್ಮೂರಿನ ಒಬ್ಬ ಹೆಂಗಸು ಈ ಕಲ್ಲನ್ನು ಐದು ಬೆರಳು..."

"ನಮ್ಮೂರಿನವಳಲ್ಲ! ಆಚೆ ದಡದವಳು!" ಎಂದು ಎದುರು ಕಿಟಕಿಯಿಂದ ಬಿತ್ತು.

"ನಾಲ್ಕು ಬೆರಳು!" ಎಂದು ಈ ಕಿಟಕಿಯಿಂದ ಗೆರ್ಲಿಂಡೆ ಕೂಗಿದಳು. "ಅಳತೆ ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರಯ್ಯಾ!"