ಹೊಸ ಪಟ್ಟಿ ಮೊದಲು, ಹಳೆಯದು ಕಡೆಗೆ

ಆಗ ನನಗೆ ಅರವತ್ತೆರಡು. ಅದಾಗಿ ಹದಿನೆಂಟು ವರ್ಷವಾಯಿತು.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು ನನ್ನ ಕೆಲಸ. ಗಂಡ ರಾಣೆಬೆನ್ನೂರಿನ ಗಿರಣಿಯಲ್ಲಿ ದುಡಿದು ಸತ್ತರು. ಗಿರಣಿಯವರ ವಿಮೆಯಲ್ಲಿ ಹೆಂಡತಿಗೂ ಪುಕ್ಕಟೆ ಚಿಕಿತ್ಸೆಯ ದವಾಖಾನೆ ಚೀಟಿ ಇತ್ತು, ಗಂಡ ಸತ್ತ ಮೇಲೂ ಅದು ನಡೆಯುತ್ತಿತ್ತು. ನನ್ನ ಎಡಗಣ್ಣಿಗೆ ಪೊರೆ ಬಂದಿತ್ತು, ಅದನ್ನು ತೆಗೆಸಬೇಕಿತ್ತು.

ಕೆಟ್ಟದ್ದು ನನ್ನಿಂದಲೇ. ಗಂಡ ಸತ್ತದ್ದನ್ನು ಬರೆಸಲು ಹಾವೇರಿಯ ವಿಮೆ ಕಚೇರಿಗೆ ಹೋದಾಗ ಗುಮಾಸ್ತ, "ತೀರಿಕೊಂಡವರ ಹೆಸರು?" ಅಂದ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬದುಕಿದ್ದಾಗ ಹೇಳದ್ದನ್ನು ಸತ್ತ ಮೇಲೆ ಹೇಗೆ ಹೇಳಲಿ? ಚೀಟಿ ಮುಂದಿಟ್ಟು, "ಇದರಾಗ ಐತಿ ನೋಡ್ರಿ" ಅಂದೆ. ಅದು ನನ್ನ ಚೀಟಿ. ಮೇಲೆ ನನ್ನ ಹೆಸರು, ಅವರದು ಕೆಳಗೆ ಸಣ್ಣಕ್ಷರದಲ್ಲಿ. ಅವನು ಮೇಲಿನದನ್ನೇ ಬರೆದುಕೊಂಡ. ನನಗೆ ಸಹಿ ಬರುತ್ತಿತ್ತು, ಓದು ಅಷ್ಟಾಗಿ ಬರುತ್ತಿರಲಿಲ್ಲ. ಸಹಿ ಹಾಕಿ ಬಂದೆ.

ದವಾಖಾನೆಗೆ ಹೋದರೆ ಅವರ ಕಂಪ್ಯೂಟರಿನಲ್ಲಿ ನಾನು ಸತ್ತಿದ್ದೆ. ವಿಮೆ ಕಚೇರಿಗೆ ಮರಳಿ ಹೋದೆ, ಗುಮಾಸ್ತ ಪಟ್ಟಿ ತಿದ್ದಿ ಕಳಿಸಿದ. ಮುಂದಿನ ತಿಂಗಳು ಮತ್ತೆ ಸತ್ತಿದ್ದೆ. ಮತ್ತೆ ತಿದ್ದಿದ. ಹೀಗೆ ಐದು ಸಲ. ಬರುವ ತಿಂಗಳು ಸರಿಹೋದೀತು ಎಂದು ನಂಬಿ ಬೇರೆ ದವಾಖಾನೆಯ ಹೊಸ್ತಿಲನ್ನೂ ನಾನು ತುಳಿಯಲಿಲ್ಲ.

ಆರನೇ ಸಲ ಅವನು ದೊಡ್ಡ ಕಚೇರಿಗೆ ಫೋನು ಹಚ್ಚಿ ಕೇಳಿ, ನನ್ನ ಕಡೆ ತಿರುಗಿದ.

"ಯವ್ವಾ, ನಾವು ತಿಂಗಳಾ ಒಂದೊಂದು ಪಟ್ಟಿ ಕಳಸ್ತೇವಿ. ಅಲ್ಲಿ ದೊಡ್ಡ ಕಂಪ್ಯೂಟರ್ ಎಲ್ಲಾ ತಿಂಗಳದ್ದೂ ಒಮ್ಮೆಲೆ ಓದತೈತಿ. ಹೊಸಾದು ಮೊದಲ, ಹಳೇದು ಕಡೀಕ. ಕಡೀಕ ಏನ ಓದತೈತೋ ಅದನ್ನ ಹಿಡಕೊಂತೈತಿ."

"ಅಂದ್ರ ನಾ ಬದುಕಿದ್ದು ಮೊದಲ ಓದತೈತಿ, ಸತ್ತದ್ದು ಆಮ್ಯಾಲೆ."

"ಹೌದು."

"ಸಾಯೂದು ಕಡೀಕ ಅನ್ನೂದು ಅದಕ್ಕೂ ಗೊತ್ತೈತಲ್ಲ."

ಅವನು ನಗಲಿಲ್ಲ.

"ಹಂಗಾರ ಹಳೇದನ್ನ ಮೊದಲ ಓದಸ್ರಿ."

"ನಾನೂ ಅದನ್ನ ಅಂದೆ. ಮೊದಲಿಂದ ಹಿಂಗ ನಡದೈತಿ, ಒಬ್ಬಾಕಿ ಸಲುವಾಗಿ ತಿರುವಾಕ ಆಗೂದಿಲ್ಲ ಅಂದ್ರು. ಬ್ಯಾರೇದವರಿಗೆ ತ್ರಾಸಿಲ್ಲ ಯವ್ವಾ, ಅವರದು ಒಮ್ಮೆ ಬರದದ್ದ ಬರದದ್ದು. ತಿದ್ದಿದವರದಷ್ಟ ಹಿಂಗ."

"ಹಳೇ ಪಟ್ಟಿ ಅಳಿಸಿ ಒಗೀರಿ."

"ಅದರಾಗ ಬ್ಯಾರೆ ಮಂದೀದೂ ಐತಿ. ಕಳಿಸಿದ ಪಟ್ಟಿಯಾಗ ಒಬ್ಬರದಷ್ಟ ತಗ್ಯಾಕ ಬರೂದಿಲ್ಲ."

ಇನ್ನು ಎಷ್ಟು ಸಲ ತಿದ್ದಿದರೂ ಅಷ್ಟೇ ಎಂದು ಅವತ್ತು ತಿಳಿಯಿತು.

ಆ ವಾರವೇ ಕಣ್ಣು ಕೆಂಪಾಗಿ ಸಿಡಿಯತೊಡಗಿತು. ತಡೆಯಲಾರದೆ ಬೇರೊಂದು ದವಾಖಾನೆಗೆ ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, "ಭಾಳ ತಡಾ ಮಾಡೀರಿ. ಪೊರಿ ಹಣ್ಣಾಗಿ, ಕಣ್ಣಾಗ ಒತ್ತಡ ಏರಿ ಒಳಗಿನ ನರ ಸತ್ತೈತಿ. ಈಗ ತೆಗದರೂ ಕಾಣೂದಿಲ್ಲ" ಅಂದರು. ನೋವಿಗೆ ಹನಿ ಕೊಟ್ಟರು.

ಮನೆಗೆ ಬಂದು ಬಲಗಣ್ಣನ್ನು ಕೈಯಿಂದ ಮುಚ್ಚಿ ಕುಳಿತೆ. ಬಾಗಿಲು ಯಾವ ಕಡೆ ಇದೆ ಎಂಬುದೂ ತಿಳಿಯಲಿಲ್ಲ. ಯಾರನ್ನೂ ಬೈಯಲಿಲ್ಲ. ಬೈದರೆ ಕೇಳುವವರು ಯಾರು?

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ, ದಿನಾ ಎಡಕ್ಕೆ ಇಟ್ಟುಕೊಳ್ಳುತ್ತಿದ್ದ ಬುಟ್ಟಿಯನ್ನು ಬಲಕ್ಕೆ ಸರಿಸಿಕೊಂಡು ತೊಟ್ಟು ಬಿಡಿಸಲು ಕುಳಿತೆ.